ಕೃಷ್ಣೆಯ ಮೂರು ಸುಳಿಗಳ ಪುಟ

ನಾನು ಒಂದು ಪುಟ. ಕಾಗದದ್ದಲ್ಲ, ಅಂತರ್ಜಾಲದ ವಿಶ್ವಕೋಶದ್ದು. ಹುಟ್ಟಿದ್ದು ಅಂಬಿಗ ದ್ಯಾವಪ್ಪನ ಬಾಯಲ್ಲಿ. ಊರ ಕಡವಿನ ಬಳಿ ಕೃಷ್ಣೆಯ ಮೂರು ಸುಳಿಗಳು ಎಲ್ಲಿವೆ, ದೋಣಿ ಹೇಗೆ ಬಳಸಿ ಹೋಗಬೇಕು ಎಂದು ಅವನು ಹೇಳಿದ. ಗ್ರಂಥಾಲಯದ ನೀಲಮ್ಮ ಬರೆದಳು. ಅದೇ ಬೇಸಿಗೆಯಲ್ಲಿ ದ್ಯಾವಪ್ಪ ತೀರಿಕೊಂಡ. ಆಮೇಲೆ ಆ ಸುಳಿಗಳನ್ನು ಬಲ್ಲದ್ದು ನಾನೊಂದೇ.

ನಮ್ಮ ವಿಶ್ವಕೋಶಕ್ಕೆ ಒಂದೇ ಮನೆ ಎಂಬುದಿಲ್ಲ. ಓದುಗರೇ ತಮ್ಮ ಕಂಪ್ಯೂಟರಿನಲ್ಲಿ ಪ್ರತಿ ಇಟ್ಟುಕೊಳ್ಳುತ್ತಾರೆ. ಒಂದು ಆರಿದರೆ ಇನ್ನೊಂದು ಕೊಡುತ್ತದೆ. ನಾನು ಆರು ಕಡೆ ಇದ್ದೆ. ಆರು ಜೀವ ಇದ್ದವರಿಗೆ ಭಯವೇನು ಎಂದು ಬೀಗುತ್ತಿದ್ದೆ.

ಆಗ ಬಂದಳು ಮೈಸೂರಿನ ವಸುಂಧರಾ. ಬಲ್ಲವರಷ್ಟೇ ಬಳಸುತ್ತಿದ್ದ ಕೋಶವನ್ನು ಎಲ್ಲರಿಗೂ ಸುಲಭ ಮಾಡುವುದು ಅವಳ ಕೆಲಸ. ಪ್ರತಿಯನ್ನು ಕಿತ್ತುಹಾಕುವ ಗುಂಡಿಯ ಮೇಲೆ ‘ಅಳಿಸು’ ಎಂದಿತ್ತು. “ಯಾರನ್ನ ಅಳಸೂದ್ರೀ, ಪಾಪ?” ಎಂದು ಒಬ್ಬ ಅಜ್ಜಿ ನಕ್ಕಳು. ವಸುಂಧರಾ ಅದನ್ನು ‘ತೆಗೆ’ ಎಂದು ಬದಲಿಸಿ, ಶೀರ್ಷಿಕೆಯ ಕೆಳಗೆ ದಪ್ಪಗೆ ಕೂರಿಸಿದಳು.

ಬಾಗಿಲು ತೆಗೆ, ಪುಸ್ತಕ ತೆಗೆ ಎನ್ನುವುದು ಏತಕ್ಕೆ? ಒಳಗೆ ನೋಡುವುದಕ್ಕೆ. ಜನ ಒತ್ತಿದರು. ‘ಖಂಡಿತ ತೆಗೆಯಲೇ?’ ಎಂದು ಪರದೆ ಕೇಳಿತು. “ಹೌದಪಾ, ಅದಕ್ಕ ಬಂದೀನಿ” ಎಂದು ಒಬ್ಬರು ಮತ್ತೆ ಒತ್ತಿದರು. ವಾರದೊಳಗೆ ಐದು ಮನೆಗಳಲ್ಲಿ ಸತ್ತೆ. ಉಳಿದದ್ದು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮಾತ್ರ. ಯಾರ ಬೆರಳು ಎದ್ದರೂ ನನಗೆ ನಡುಕ.

ಒಂದು ಬೆಳಿಗ್ಗೆ ದ್ಯಾವಪ್ಪನ ಮಗ ಯಮನೂರ ಸುಳಿಗಳ ದಾರಿ ಓದಿಕೊಳ್ಳಲು ಗ್ರಂಥಾಲಯಕ್ಕೆ ಬಂದ. ಗೋಡೆ ಕಟ್ಟುವ ಗೌಂಡಿ ಕೆಲಸ ಬಿಟ್ಟು ಆಗಷ್ಟೇ ಅಪ್ಪನ ದೋಣಿ ಹಿಡಿದಿದ್ದ. ಕಡವಿನಲ್ಲಿ ಹನ್ನೆರಡು ಮಂದಿ ಕಾಯುತ್ತಿದ್ದರು. ಜನ ಹೇಗೆ ಬಳಸುತ್ತಾರೆಂದು ನೋಡಲು ವಸುಂಧರಾ ಅವನ ಹಿಂದೆ ಕೂತಿದ್ದಳು. ಅವಳ ಕೆಲಸಕ್ಕೊಂದು ಕಟ್ಟಳೆ: ಬರೀ ನೋಡಬೇಕು, ಬಾಯಿ ಬಿಡಬಾರದು.

ಯಮನೂರ ‘ತೆಗೆ’ ಒತ್ತಿದ. ಪರದೆ ಕೇಳಿತು. ಅವನ ಬೆರಳು ‘ಹೌದು’ ಹತ್ತಿರ ಬಂತು. ನೀರಿನಲ್ಲಿ ಹನ್ನೆರಡು ಮಂದಿ ತಿರುಗಿ ತಿರುಗಿ ಮುಳುಗುವುದು ನನ್ನ ಕಣ್ಣಿಗೆ ಕಟ್ಟಿತು. ನಾನು ಕೂಗಲಾರೆ. ವಸುಂಧರಾ ತುಟಿ ಕಚ್ಚಿ ಕೂತಿದ್ದಳು.

“ಬೇಡ! ಕೈ ತೆಗೀರಿ!” ಎಂದು ಕಿರುಚಿಯೇಬಿಟ್ಟಳು.

ಅವನು ಬೆಚ್ಚಿ ತಿರುಗಿದ. “ಕೈ ತಗದ್ರ ಪುಟ ಹ್ಯಾಂಗ ತಗೀಲಿ, ಅಕ್ಕಾರ?”

ವಸುಂಧರಾಳ ಮುಖ ಬಿಳಿಚಿತು. ತಾನೇ ಶೀರ್ಷಿಕೆ ಮುಟ್ಟಿ ನನ್ನನ್ನು ಬಿಚ್ಚಿದಳು. ಯಮನೂರ ಎರಡು ಸಲ ಓದಿದ. ಅಂದು ದೋಣಿ ಸುಳಿಗಳನ್ನು ಬಳಸಿ ದಡ ಸೇರಿತು.

ಈಗ ಆ ಗುಂಡಿಯ ಮೇಲೆ ‘ಈ ಪ್ರತಿ ನನಗೆ ಬೇಡ’ ಎಂದಿದೆ. ನಾನು ಮುದಿಯಾಗಿದ್ದೇನೆ, ನಾನೂರು ಮನೆಗಳಲ್ಲಿದ್ದೇನೆ. ಆದರೂ ಭಯ ಬಿಟ್ಟಿಲ್ಲ. ನನ್ನನ್ನು ಐದು ಸಲ ಕೊಂದವರಲ್ಲಿ ವೈರಿ ಒಬ್ಬನೂ ಇರಲಿಲ್ಲ. ಎಲ್ಲರೂ ಓದಲೆಂದೇ ಬಂದವರು.