ಮಲ್ಲೇಶನ ಆಹೇರಿ ಅಂಗಿ

ನೋಡ್ರಿ, ಮೊದ್ಲ ಹೇಳಿಬಿಡ್ತೀನಿ, ಆಮ್ಯಾಲೆ ಯಾಕ ಹೇಳಲಿಲ್ಲ ಅನ್ನಬ್ಯಾಡ್ರಿ. ಗಂಗಾವತಿಯಿಂದ ಹಿಡಿದು ಯಲಬುರ್ಗಾ ತನಕ, ತಳಕಲ್ಲಿನ ಮಲ್ಲೇಶನಂಗ ಪ್ಯಾಂಟು-ಅಂಗಿ ಹಾಕ್ಕೊಂಡಾವ ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ರೂ ಅವಂಗ ಟೇಲರ್ ಸಿಕ್ಕಿಲ್ಲ! ಸಾವಿರ ರೂಪಾಯಿ ಒಳಗ ಅಂಥಾ ಫಿಟಿಂಗು. ಕನಕಗಿರಿ ಬಸ್ ಸ್ಟ್ಯಾಂಡಿನಾಗ ಅವ ಇಳಿದ್ರ ಗಾಳಿ ಸೈತ ಸ್ಲೋ ಮೋಷನ್‌ನ್ಯಾಗ ಬೀಸ್ತು. ಕನ್ಯಾ ಒಮ್ಮಿ ಕಣ್ಣೆತ್ತಿ ನೋಡಿದ್ಲು, ನಿಂತ ಕಾಲ ಮ್ಯಾಲ ‘ಹೂಂ’ ಅಂದ್ಲು. ಖೇಲ್ ಖತಂ.

ಹೆಂಗಾತು ಅಂತ ಕೇಳ್ರಿ ಈಗ.

ಮಲ್ಲೇಶ ಗಂಗಾವತಿಯ ಒಂದು ರೈಸ್ ಮಿಲ್ಲಿನಾಗ ಕಾಟಾದ ಮ್ಯಾಲ ಲಾರಿ ತೂಗೋ ಹುಡುಗ. ಕೆಲಸ ಕಾಟಾದ್ದು, ಬಾಯಿ ಟಾಕೀಸಿಂದು. ಭತ್ತದ ಲಾರಿ ಬಂತಂದ್ರ ಎದಿ ಉಬ್ಬಿಸಿ, “ಈ ಕಾಟಾದ ಮುಂದ ಎಂಥೆಂಥಾ ಭಾರ ಇದ್ದಾವರೂ ಹಗರ ಆಗ್ಯಾರಲೇ, ಹತ್ತಸು ಗಾಡಿ!” ಅಂತಿದ್ದ. ಡ್ರೈವರ್‌ಗಳು ನಗ್ತಿದ್ರು, ಮಾಲಕ ಬೈತಿದ್ದ.

ಒಂದಿನ ಕನಕಗಿರಿ ಬಸ್ಸಿನಾಗ ಕಂಡಕ್ಟರ್ ಚಿಲ್ಲರ ಕೇಳಿದ. ಮಲ್ಲೇಶ ಕೂದಲಾ ಹಿಂದಕ ತೀಡಿ, “ಚಿಲ್ಲರ ಇಟ್ಕೊಳ್ಳೋ ಕಿಸೆ ಅಲ್ಲಪಾ ಇದು, ಜಿಲ್ಲಾ ಇಟ್ಕೊಳ್ಳೋ ಕಿಸೆ!” ಅಂದ. ಹಿಂದಿನ ಸೀಟಿನಾಗಿಂದ ಒಂದು ದನಿ ಬಂತು: “ಹೀರೋ, ಜಿಲ್ಲಾ ಆಮ್ಯಾಲೆ. ಮೊದ್ಲ ಟಿಕೀಟು ತಗಸು.”

ಆಕಿನ ಮೇಘಾ. ಗಂಗಾವತಿಯ ರಕ್ತ ತಪಾಸಣಿ ಲ್ಯಾಬಿನಾಗ ಕೆಲಸ, ದಿನಾ ಅದ ಬಸ್ಸು. ಮಲ್ಲೇಶ ಕಿಸೆ ತಡಕಾಡಿ ಟಿಕೀಟು ತಗಸಿದ. ಆವತ್ತ ಅವಂಗ ಗೊತ್ತಾತು, ಆದ್ರ ಇಕಿನ, ಇಲ್ಲಾಂದ್ರ ಯಾರೂ ಬ್ಯಾಡ.

ಸೋದರಮಾವ ಕಳಕಪ್ಪಗ ಹೇಳಿದ. ಕಳಕಪ್ಪ ಕನಕಗಿರಿಗೆ ಹೋಗಿ ಆಕಿ ಅಪ್ಪ ವೆಂಕೋಬನ ಜೋಡಿ ಮಾತಾಡಿ ಬಂದ. “ಐತವಾರ ಬರ್ರಿ ಅಂದಾರ. ಆದ್ರ ಮಗನ, ಕುಷ್ಟಗಿ ನೆನಪೈತಿಲ್ಲೋ?”

ಯಾರು ಮರೀತಾರ? ಹೋದ ವರ್ಷ ಕುಷ್ಟಗಿಗೆ ಕನ್ಯಾ ನೋಡಾಕ ಇವ ಮೊಣಕಾಲು ಹರಿದ ಜೀನ್ಸ್ ಹಾಕ್ಕೊಂಡು ಹೋಗಿದ್ದ. ಹುಡುಗಿ ಅಜ್ಜಿ ಅದನ್ನ ನೋಡಿ ಮರುಗಿ, ಸೂಜಿ-ದಾರ ತಗೊಂಡು ಬಂದು, “ಬಿಚ್ಚಿಕೊಡಪಾ ತಮ್ಮಾ, ಬಡವರ ಮಕ್ಕಳಿಗೆ ನಾಚಿಕಿ ಎಂಥಾದ್ದು, ಎರಡು ಟಾಕಿ ಹಾಕಿಕೊಡ್ತೀನಿ” ಅಂದಿದ್ಲು. ಸಂಬಂಧ ಅಲ್ಲೇ ಹರೀತು.

“ಇದೂ ಹೋತಂದ್ರ ನಿನ್ನ ಜೋಡಿ ನಾ ಇನ್ನೊಂದು ಮನಿ ಹೊಸ್ತಿಲಾ ತುಳಿಯಾಂಗಿಲ್ಲ” ಅಂದ ಕಳಕಪ್ಪ. “ನೆಟ್ಟಗ ಪ್ಯಾಂಟು-ಅಂಗಿ ಹಾಕ್ಕೊಂಡು ಬಾ.”

ಮಲ್ಲೇಶ ಗಂಗಾವತಿಯ ರೆಡಿಮೇಡ್ ಅಂಗಡಿ ಹೊಕ್ಕ. ನಡಕ್ಕ ಸರಿಯಾದ ಪ್ಯಾಂಟು ತೊಡಿಗೆ ಹಿಡೀತು. ತೊಡಿಗೆ ಸರಿಯಾದದ್ರ ನಡದಾಗ ಇನ್ನೊಬ್ಬ ಮಲ್ಲೇಶ ನಿಲ್ಲಬಹುದಿತ್ತು. ಅಂಗಿ ಹಾಕಿದ್ರ ಹೆಗಲ ಹೊಲಿಗಿ ರಟ್ಟಿ ಮ್ಯಾಲ ಇಳಿದು ಜೋಕಾಲಿ ಆಡಾಕತ್ತಿತ್ತು.

“ಇದ ಈಗಿನ ಫ್ಯಾಷನ್ರಿ” ಅಂದ ಅಂಗಡ್ಯಾವ.

“ಫ್ಯಾಷನ್ ಅಲ್ಲಣ್ಣಾ ಇದು, ಶಾಮಿಯಾನಾ. ನಾಕು ಕುರ್ಚಿ ಹಾಕು, ಮದಿವಿನೂ ಇದರೊಳಗ ಮಾಡ್ಕೋತೀನಿ” ಅಂದು, ರೇಟಿನ ಚೀಟಿ ನೋಡಿ ಬಾಯಿ ಮುಚ್ಚಿ ಹೊರಗ ಬಂದ.

ತಳಕಲ್ಲಿಗೆ ಬಂದಾಗ ಅವ್ವ ಫಕೀರಮ್ಮ ಮಾತಾಡದ ಮಂಚದ ಕೆಳಗಿನ ಟ್ರಂಕು ಎಳೆದ್ಲು. ಮುಚ್ಚಳ ತಗದ್ರ ಡಾಂಬರ ಗುಳಿಗಿ ವಾಸನಿ ಗಪ್ಪನ ಹೊಡೀತು. ಆ ವಾಸನಿಗೆ ಮಲ್ಲೇಶ ಒಂದ ಸಲ ಏಳು ವರ್ಷದಾವ ಆದ.

ನಮ್ಮ ಕಡಿ ಎಲ್ರ ಮನ್ಯಾಗೂ ಒಂದು ಆಹೇರಿ ಟ್ರಂಕು ಇರತೈತಿ. ಮದಿವ್ಯಾಗ, ಮನಿ ಒಕ್ಕಲಾದಾಗ ಬೀಗರು-ಬಿಜ್ಜರು ಮುಯ್ಯಾ ಮಾಡಿದ ಪ್ಯಾಂಟ್ ಪೀಸು, ಶರ್ಟ್ ಪೀಸು ಅದರಾಗ. ಅವನ್ನ ಹೊಲಿಸೋದಲ್ಲ, ಇಡೋದು. ಮುಂದಿನ ಮದಿವಿಗೆ ಹೋಗುವಾಗ ಅದರಾಗಿಂದ ಒಂದು ತಗದು ಅವರಿಗೆ ಕೊಡೋದು. ಅವರೂ ಇಡೋದು. ಹಿಂಗ ಒಂದೊಂದು ಅರಿವಿ ಮನಿಯಿಂದ ಮನಿಗೆ ಹೊಂಟಿದ್ದು ಯಾರ ಮೈಗೂ ಹತ್ತದ ಊರೂರು ತಿರಗತೈತಿ. ಸಣ್ಣಾವಿದ್ದಾಗ ಮಲ್ಲೇಶ ಆ ಅರಿವಿ ಇಟ್ಟಿದ್ದ ಡಬ್ಬಿ ಮ್ಯಾಲಿನ ಮೀಸಿ ತಿರುವಿದ ಗಂಡಸಿನ ಚಿತ್ರಕ್ಕ ಸೆಲ್ಯೂಟ್ ಹೊಡೀತಿದ್ದ. “ಅಪ್ಪಾ, ಇದರಾಗ ನನಗೊಂದು ಅಂಗಿ ಹೊಲಿಸು” ಅಂತ ಕೇಳಿದ್ರ ಅಪ್ಪ ಗ್ಯಾನಪ್ಪಂದು ಒಂದ ಮಾತು: “ಮುಟ್ಟಬ್ಯಾಡ, ಕೊಡಾಕ ಬರತೈತಿ.” ಅಂದು ತಾನು ಕಾಲರ್ ಹರಿದ ಅಂಗ್ಯಾಗ ಎತ್ತಿನ ಹಿಂದ ಹೋಗ್ತಿದ್ದ.

ಈಗ ಗ್ಯಾನಪ್ಪ ಬಾಗಿಲದಾಗ ನಿಂತು ಆ ಮಾತು ಬಾಯಿತನಕ ತಂದ. ಫಕೀರಮ್ಮ ತಿರುಗಿ ನೋಡಿದ್ಲು. ಗ್ಯಾನಪ್ಪ ಮಾತು ನುಂಗಿ, “ಆ ಬೂದಿ ಬಣ್ಣದ್ದು ಛಲೋ ಐತಿ” ಅಂದ.

ಬೂದಿ ಬಣ್ಣದ ಪ್ಯಾಂಟಿನ ಅರಿವಿ. ಕೆನಿ ಬಣ್ಣದ ಮ್ಯಾಲ ಸಣ್ಣ ನೀಲಿ ಗೆರಿ ಇದ್ದ ಅಂಗಿ ಅರಿವಿ. ಎರಡೂ ಹಿಡಕೊಂಡು ಮಲ್ಲೇಶ ಯಲಬುರ್ಗಾದ ಟೇಲರ್ ಮಾಜೀದ ಚಾಚಾನ ಕಡಿ ಹೋದ. ಮಲ್ಲೇಶನ ಸಾಲಿ ಅಂಗಿ-ಚಡ್ಡಿ ಎಲ್ಲಾ ಹೊಲಿದಾವ ಈ ಚಾಚಾನ. ಆಗ ನಾಕು ಮಿಷನ್ನು ಇದ್ವು, ಹಬ್ಬ ಬಂದ್ರ ಕಾಲಿಡಾಕ ಜಾಗ ಇರ್ತಿರಲಿಲ್ಲ. ಈಗ ಒಂದ ಮಿಷನ್ನು.

“ಚಾಚಾ, ಮೈಗೆ ಅಂಟಿದಂಗ ಹೊಲಿ. ನಾ ಬಂದ್ರ ಅಂಗಿ ಮಾತಾಡಬೇಕು!”

“ಮೊದಲ ಅರಿವಿ ನೀರಾಗ ನೆನಸು ಬೇಟಾ. ಹೊಲಿದ ಮ್ಯಾಲ ಕುಗ್ಗಿತಂದ್ರ ಅಂಗಿ ಮಾತಾಡಾಂಗಿಲ್ಲ, ಅಳತೈತಿ.” ನೆನಸಿ, ಒಣಗಿಸಿ, ಇಸ್ತ್ರಿ ಹೊಡೆದ ಮ್ಯಾಲ ಚಾಚಾ ಟೇಪು ಹಿಡಿದ. “ಕುಂದ್ರು.”

“ನಿಂದ್ರಿಸಿ ಅಳತಿ ತಗೋಬೇಕಲ್ಲೋ?”

“ನಿಂತಾಗ ಎಲ್ರೂ ಹೀರೋನ. ಕುಂತಾಗ ಗೊತ್ತಾಗತೈತಿ ಟೇಲರ್ ಯಾರು ಅಂತ. ಕೈ ಎತ್ತು. ಬಗ್ಗು, ಕಾಲು ಬೀಳೋರಂಗ ಬಗ್ಗು. ಹೆಗಲ ಹೊಲಿಗಿ ಎಲುಬಿನ ಮ್ಯಾಲ ಬರಬೇಕು, ತೋಳು ಮಣಿಕಟ್ಟಿಗೆ ನಿಂದರಬೇಕು, ಪ್ಯಾಂಟು ಬೂಟಿಗೆ ಸಲಾಂ ಮಾಡಬೇಕು, ನೆಲಕ್ಕಲ್ಲ.”

ಶನಿವಾರ ಮನ್ಯಾಗ ಹಾಕಿ ನೋಡಿದ. ಎಲ್ಲೂ ಹಿಡೀಲಿಲ್ಲ, ಎಲ್ಲೂ ಜೋತು ಬೀಳಲಿಲ್ಲ. ಗ್ಯಾನಪ್ಪ ಸುತ್ತ ತಿರುಗಿ ನೋಡಿ, ತನ್ನ ಹರೇದಾಗಿನ ಏನೋ ನೆನಸಿ, ಹೊರಗ ಹೋಗಿ ಬೀಡಿ ಹಚ್ಚಿದ.

ಐತವಾರ ಕನಕಗಿರಿ. ಮಲ್ಲೇಶ, ಅವ್ವ, ಅಪ್ಪ, ಕಳಕಪ್ಪ ಚಾಪಿ ಮ್ಯಾಲ ಕುಂತಾರ. ಒಳಗಿಂದ ವೆಂಕೋಬ ಬಂದ.

ಬೂದಿ ಬಣ್ಣದ ಪ್ಯಾಂಟು. ಕೆನಿ ಬಣ್ಣದ ಮ್ಯಾಲ ಸಣ್ಣ ನೀಲಿ ಗೆರಿ ಅಂಗಿ.

ಮಲ್ಲೇಶ ತನ್ನ ಅಂಗಿ ನೋಡ್ಕೊಂಡ, ವೆಂಕೋಬನ ಅಂಗಿ ನೋಡಿದ. ವೆಂಕೋಬನ ಅಕ್ಕ ಹುಲಗಮ್ಮ ಉಪ್ಪಿಟ್ಟಿನ ತಾಟು ಹಿಡಿದಾಕಿ ಅಲ್ಲೇ ನಿಂತು, “ಯವ್ವಾ, ಬ್ಯಾಂಡ್ ಸೆಟ್ಟಿನವರಂಗ ಕಾಣಸ್ತಾರಲ್ಲ! ಡೋಲು ಎಲ್ಲಿ ಬಿಟ್ರಿ?” ಅಂದ್ಲು.

ವೆಂಕೋಬ ನಗಲಿಲ್ಲ. “ನೀ ಭಾಳ ಚಾಷ್ಟಿ ಹುಡುಗ ಅಂತ ಕೇಳೇನಿ. ಬಸ್ಸಿನಾಗ ನಾ ಈ ಅಂಗಿ ಹಾಕಿದ್ದು ನೋಡಿ, ಹುಡುಕಿ ತಂದು, ನನ್ನ ಚಾಷ್ಟಿ ಮಾಡಾಕ ಹಾಕ್ಕೊಂಡು ಬಂದೀಯೇನು?”

ಕಳಕಪ್ಪ ಚಪ್ಪಲಿ ಎಲ್ಲಿ ಐತಿ ಅಂತ ಬಾಗಿಲ ಕಡಿ ನೋಡಿದ. ಮಲ್ಲೇಶ ಎದ್ದು ನಿಂತ. ಊರಿಂದ ನಾಕು ಡೈಲಾಗು ಕಟ್ಕೊಂಡು ಬಂದಿದ್ದ, ಅವನ್ನ ಬದಿಗಿಟ್ಟ.

“ಇಲ್ರಿ ಮಾವಾರ. ಅಂಗಡ್ಯಾಗ ಕೊಳ್ಳೋವಷ್ಟು ರೊಕ್ಕ ಇರಲಿಲ್ಲ. ಅವ್ವನ ಟ್ರಂಕಿನಾಗಿನ ಆಹೇರಿ ಇದು. ಹೊಲಿಸಿದೆ.”

ಕನ್ಯಾ ನೋಡಾಕ ಬಂದ ವರ, ಆಹೇರಿ ಅರಿವಿ ಹಾಕ್ಕೊಂಡು ಬಂದೀನಿ ಅಂತ ಬಾಯಿಬಿಟ್ಟು ಹೇಳೋದಾ! ಗ್ಯಾನಪ್ಪ ತಲಿ ತಗ್ಗಿಸಿದ. ಆದ್ರ ಹುಲಗಮ್ಮ ತಾಟು ಕೆಳಗಿಟ್ಟು ಫಕೀರಮ್ಮನ ಮಗ್ಗಲ ಕುಂತ್ಲು. “ನಿಮಗ್ಯಾರು ಕೊಟ್ಟಿದ್ರವಾ?”

“ಕುಷ್ಟಗಿ ನಮ್ಮಕ್ಕ, ಮನಿ ಒಕ್ಕಲಾದಾಗ.”

“ಆಕಿಗೆ?”

“ಆಕಿ ಬೀಗರು. ಯಲಬುರ್ಗಾದವರು. ಕಿರಾಣಿ ಅಂಗಡಿ ಐತಿ ನೋಡ್ರಿ...”

“ಹಲ್ಲು ಉಬ್ಬಿದಾಕಿ? ಆಕಿ ಮಗನ ಮದಿವಿಗೆ ನಾವ ಹೋಗಿದ್ವಲ್ಲೋ ವೆಂಕೋಬಾ! ದುರ್ಗಾದೇವಿ ತನ್ನ ಕೈಯಾರೆ ಕೊಟ್ಟಿದ್ಲು!”

ವೆಂಕೋಬ ಅಲ್ಲೇ ಹೊಸ್ತಿಲ ಮ್ಯಾಲ ಕುಂತುಬಿಟ್ಟ. ದುರ್ಗಾದೇವಿ ಅಂದ್ರ ಅವನ ಹೆಂಡ್ತಿ. ತೀರಿಕೊಂಡು ಮೂರು ವರ್ಷ.

“ಹದಿನಾರು ವರ್ಷದ ಮಾತು” ಅಂದ ವೆಂಕೋಬ. “ಗಂಗಾವತ್ಯಾಗ ಮೂರು ಅಂಗಡಿ ತಿರುಗಿಸಿದ್ಲು ನನ್ನ. ಅರಿವಿ ಬಿಸಿಲಿಗೆ ಹಿಡಿದು ಹಿಡಿದು ನೋಡಿ, ಪ್ಯಾಂಟಿಂದು, ಅಂಗಿದು ಇಡೀ ಥಾನ ತಗೊಂಡ್ಲು. ಮನಿ ಗಂಡಸರಿಗೆಲ್ಲಾ ಇದ ಅಂಗಿ, ಉಳಿದದ್ದು ಆಹೇರಿಗೆ. ‘ಯಾರರ ಹೊಲಿಸಿ ಹಾಕ್ಕೊಂಡಿದ್ರ ಬಂದು ಹೇಳ್ರಿ’ ಅಂತಿದ್ಲು. ಮದಿವಿ ಮದಿವ್ಯಾಗ ನೋಡಿ ಬರ್ತಿದ್ದೆ. ಒಬ್ಬರೂ ಹೊಲಿಸಿರಲಿಲ್ಲ.” ಆಮ್ಯಾಲ ಎದ್ದು ಬಂದು ಮಲ್ಲೇಶನ ಹೆಗಲ ಹೊಲಿಗಿ ಮ್ಯಾಲ ಬೆರಳು ಆಡಿಸಿದ. “ಛಲೋ ಕುಂತೈತಿ.”

ಚಾ ಕುಡಿದು ಹೊರಗ ಬಂದಾಗ ಮೇಘಾ ನೀರಿನ ಕೊಡದ ಕಡಿ ನಿಂತಿದ್ಲು. “ಹೊಲಿದ ಮ್ಯಾಲ ಅರಿವಿ ತುಂಡು ಉಳದೈತೇನ್ರಿ? ಅಪ್ಪನ ಅಂಗಿ ಕಾಲರ್ ಸವದೈತಿ. ಆ ಅಂಗಿ ಬಿಡಂಗಿಲ್ಲ ಅವ. ಒಂದು ಗೇಣು ಸಿಕ್ರ ಸಾಕು.”

“ಗೇಣೇನ್ರಿ, ನಿಮಗಾಗಿ ಆಕಾಶನ...”

“ಡೈಲಾಗ್ ಬ್ಯಾಡ. ಐತೋ ಇಲ್ಲೋ?”

“ಐತ್ರಿ.”

ಈಗ ಖರೇ ಹೇಳಿಬಿಡ್ತೀನಿ. ಅವತ್ತ ಆಕಿ ‘ಹೂಂ’ ಅಂದಿಲ್ಲ. ಫಿಟಿಂಗ್ ನೋಡೇ ಇಲ್ಲ, ನೋಡಿದ್ದು ಅಪ್ಪನ ಮಾರಿ. ಮೂರು ವರ್ಷಾದ ಮ್ಯಾಲ ಅವ ಹೆಂಡ್ತಿ ಸುದ್ದಿ ಎತ್ತಿದ್ದ. ಮತ್ತ ಮಲ್ಲೇಶನ ಕಡಿ ತುಂಡೂ ಇರಲಿಲ್ಲ. ಯಲಬುರ್ಗಾಕ್ಕ ಓಡಿದ್ರ, ಮಾಜೀದ ಚಾಚಾನ ಹೆಂಡ್ತಿ ಚಾಂದಬೀ ಉಳಿದ ಚಿಂದಿ ಎಲ್ಲಾ ಕೌದಿಗೆ ಹಚ್ಚಿ ಮುಗಿಸಿದ್ಲು. ಅದಕ್ಕ ಮಲ್ಲೇಶ ಅಂಗಿ ಬಿಚ್ಚಿ ಚಾಚಾನ ಮುಂದಿಟ್ಟು, “ಹಿಂದಿಂದು ಒಂದು ಗೇಣು ಕತ್ತರಿಸು” ಅಂದ.

“ಹುಚ್ಚ ಅದೀ ಏನೋ! ಇಂಥಾ ಹೊಲಿಗಿ ನಾ ಹತ್ತು ವರ್ಷದಾಗ ಹೊಲಿದಿಲ್ಲ” ಅಂತ ಚಾಚಾ ಬೈದ. ಬೈಕೋಂತನ ಕತ್ತರಿಸಿದ.

ಮುಂದಿನ ಐತವಾರ ಅದ ಅಂಗಿ ಹಾಕ್ಕೊಂಡು ಹೋಗಿ ತುಂಡು ಕೊಟ್ರ, ಮೇಘಾ ಅದನ್ನ ತಿರುವಿ ನೋಡಿದ್ಲು. ರಕ್ತದ ಹನಿ ನೋಡಿ ರೋಗ ಹಿಡಿಯೋ ಹುಡುಗಿ. ತುಂಡಿನ ಒಂದು ಅಂಚು ಅಂಗಿ ತುದಿಯಂಗ ಮಡಚಿ ಹೊಲಿದಿತ್ತು.

“ತಿರುಗ್ರಿ ನೋಡೋಣು” ಅಂದ್ಲು.

ತಿರುಗಿದ. ಅಂಗಿ ಹಿಂದ ಪ್ಯಾಂಟಿನ ಮ್ಯಾಲ ನಿಂತಿತ್ತು, ಒಳಗ ಹೋಗಾಕ ಅರಿವಿನೇ ಇರಲಿಲ್ಲ. ಮೇಘಾ ನಕ್ಕಳು. ಭಾಳ ಹೊತ್ತು ನಕ್ಕಳು. ಆಮ್ಯಾಲ ಕಣ್ಣು ಒರಸ್ಕೊಂಡು, “ಹೂಂ” ಅಂದ್ಲು.

ಅಂದ್ರ ನಾ ಹೇಳಿದ ಆ ಭಾರಿ ಫಿಟಿಂಗು ಇದ್ದದ್ದು ಒಂದ ದಿನ. ಆ ದಿನ ಆಕಿ ಅದರ ಕಡಿ ನೋಡಲಿಲ್ಲ.