ಹಾರೆ ಹೊಡೆಯುವ ದಿನ

“ಈ ಸಲ ಭಾಷಣ ಚಿಕ್ಕದಾಗಿರ್ಲಿ ಗ್ಯಾವಿನ್. ಈ ಚಳೀಲಿ ದೇಶಭಕ್ತಿ ಬಹಳ ಹೊತ್ತು ನಿಲ್ಲಲ್ಲ,” ಎಂದು ಕರ್ನಲ್ ಪ್ರಾಕ್ಟರ್ ತನ್ನ ಮಾತಿಗೆ ತಾನೇ ನಕ್ಕ. ಬೆಳ್ಳಿಯ ಪುಟ್ಟ ಬಾಟಲಿಯಿಂದ ಒಂದು ಗುಟುಕು ವಿಸ್ಕಿ ಏರಿಸಿ, ಕೋಟಿನ ಒಳಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮುಂದೆ ಹಿಡಿದ.

ಕೆರೆಯ ದಡದ ದೋಣಿಕೊಟ್ಟಿಗೆಯಲ್ಲಿ ಅವರಿಬ್ಬರೇ ಇದ್ದರು. ಹೊರಗೆ ಬ್ಯಾಂಡಿನವರು ತುತ್ತೂರಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಬೆಚ್ಚಗಿಡಲು ಹೆಣಗುತ್ತಿದ್ದರು. ಕಾರ್ನಾಕ್ ಊರಿಗೆ ಊರೇ ದಡದಲ್ಲಿ ನೆರೆದಿತ್ತು. ಕ್ಯಾಪ್ಟನ್ ಗ್ಯಾವಿನ್ ರೆನ್ನಿ ಹಾಳೆ ಬಿಡಿಸಿ ಓದಿದ. ಎರಡನೆಯ ಸಾಲಿಗೆ ಬಂದವನು ಅಲ್ಲೇ ನಿಂತ. ‘ಒಟ್ಟಿಗೆ ಸೇರಿದವರು ಒಟ್ಟಿಗೇ ಇರುತ್ತೀರಿ, ನಿಮ್ಮ ನಾಯಕನ ಕೆಳಗೇ ಹೋರಾಡುತ್ತೀರಿ.’ ಹೋದ ವರ್ಷ ಇದೇ ದಡದಲ್ಲಿ ನಿಂತು ಅವನು ಬಾಯಾರೆ ಹೇಳಿದ ಸಾಲು ಅದು.

“ಸರ್, ಈ ಸಲವಾದ್ರೂ ಇದನ್ನ ಮೇಲಿನವ್ರು ಬರವಣಿಗೇಲಿ ಕೊಟ್ಟಿದಾರಾ? ಹೋದ ಸಲದ ಹಾಗೆ ಇಂಗ್ಲೆಂಡಿಗೆ ಹೋದ್ಮೇಲೆ ನಮ್ಮಿಬ್ರಿಗೂ ಟೋಪಿ ಹಾಕಿದ್ರೆ?”

“ನಮ್ಮಿಬ್ರಿಗೂ?” ಕರ್ನಲ್ ಹುಬ್ಬೇರಿಸಿದ. ವಿಸ್ಕಿ ಅವನನ್ನು ಸಲಿಗೆಗೆ ಇಳಿಸಿತ್ತು. “ಅಯ್ಯೋ ಮಾರಾಯ, ನೀನಿನ್ನೂ ಅಲ್ಲೇ ಇದೀಯಾ? ತುಕಡಿ ಒಡೀತಾರೆ ಅಂತ ಏಪ್ರಿಲಲ್ಲೇ ಕಾಗದ ಬಂದಿತ್ತು. ನಾವಿನ್ನೂ ಹಡಗು ಹತ್ತಿರ್ಲಿಲ್ಲ. ಆಗ್ಲೇ ಹೇಳಿದ್ರೆ ನಿನ್ನ ಹುಡುಗ್ರು ಹತ್ತುತಿದ್ರಾ? ನೀನು ಹತ್ತುತಿದ್ಯಾ?”

ರೆನ್ನಿಗೆ ಕೂಡಲೇ ಏನೂ ಅನ್ನಿಸಲಿಲ್ಲ. ಐಸ್ ಹಾಕಿ ಆಟದಲ್ಲಿ ಕೋಲಿನ ಪೆಟ್ಟು ಬಿದ್ದ ಕ್ಷಣದಲ್ಲಿ ಹೀಗೇ ಆಗುತ್ತಿತ್ತು, ನೋವು ಆಮೇಲೆ ಬರುತ್ತಿತ್ತು. ಅವನ ಕಣ್ಣ ಮುಂದೆ ಬಂದದ್ದು ಇಂಗ್ಲೆಂಡಿನ ಶಿಬಿರದ ಕೆಸರು, ಗೋಡೆಗೆ ಅಂಟಿಸಿದ ಪಟ್ಟಿ. ಕಾರ್ನಾಕಿನ ಹಾಕಿ ತಂಡದ ಆರು ಜನರನ್ನು ಮೂರು ಬೇರೆ ಬೇರೆ ತುಕಡಿಗಳಿಗೆ ಹರಿದು ಹಂಚಿದ್ದರು. ಆ ದಿನ ಈ ಕರ್ನಲ್ ಅವನ ಹೆಗಲ ಮೇಲೆ ಕೈಯಿಟ್ಟು ಕಣ್ಣೊರೆಸಿಕೊಂಡಿದ್ದ. ನಮಗೆ ಮೋಸ ಮಾಡಿಬಿಟ್ಟರು ಕಣಯ್ಯ ಎಂದಿದ್ದ. ಆ ಕಣ್ಣೀರನ್ನು ರೆನ್ನಿ ಈ ಮೂರು ತಿಂಗಳು ದೇವರ ಪ್ರಸಾದದ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದ.

“ನನ್ನ ಅರ್ಜಿ?” ಎಂದು ಕೇಳಿದ. ಪಟ್ಟಿ ನೋಡಿದ ದಿನವೇ ಅವನು ಅರ್ಜಿ ಬರೆದುಕೊಟ್ಟಿದ್ದ. ನನ್ನ ಕ್ಯಾಪ್ಟನ್ ಪದವಿ ಬೇಡ, ಸಾಮಾನ್ಯ ಸಿಪಾಯಿಯಾಗಿಯಾದರೂ ನನ್ನ ಹುಡುಗರ ಜೊತೆ ಫ್ರಾನ್ಸಿಗೆ ಕಳಿಸಿ ಎಂದು. ಮೇಲಿನವರು ಒಪ್ಪಲಿಲ್ಲ ಎಂಬ ಉತ್ತರ ಬಂದಿತ್ತು.

“ಅದನ್ನ ನಾನು ಕಳಿಸ್ಲೇ ಇಲ್ಲ. ಮೇಜಿನ ಖಾನೇಲಿದೆ.” ಕರ್ನಲ್ ಬಾಟಲಿಯ ಮುಚ್ಚಳ ತಿರುವಿದ. “ಕಂದಕದಲ್ಲಿ ಸಾಯೋಕೆ ಬೇಕಾದಷ್ಟು ಜನ ಸಿಗ್ತಾರೆ. ಬನ್ನಿ ಅಂದ್ರೆ ಊರೇ ಹಿಂದೆ ಬರೋ ಆಟಗಾರ ಎಲ್ಲಿ ಸಿಗ್ತಾನೆ? ಬೇಜಾರು ಮಾಡ್ಕೋಬೇಡ. ಹೋಗು, ಹಾರೆ ಹೊಡಿ. ನಾಲ್ಕು ಗಂಟೆ ರೈಲಿಗೆ ಹುಡುಗ್ರನ್ನ ಹತ್ತಿಸ್ಬೇಕು.”

ಮೂಲೆಯಲ್ಲಿ ಒರಗಿಸಿದ್ದ ಹಾರೆಯನ್ನು ರೆನ್ನಿ ಕೈಗೆತ್ತಿಕೊಂಡ. ಅದರ ತುದಿ ಕರ್ನಲನ ಬೂಟಿನಿಂದ ಒಂದು ಮೊಳ ದೂರದಲ್ಲಿತ್ತು. ಅವನು ಅದನ್ನು ಹೆಗಲಿಗೇರಿಸಿ ಹೊರಗೆ ನಡೆದ.

ಹಾರೆ ಹೊಡೆಯುವುದು ಕಾರ್ನಾಕಿನ ಹಳೆಯ ಕಟ್ಟಳೆ. ನಲವತ್ತು ವರ್ಷದ ಹಿಂದೆ, ಚಳಿಗಾಲದ ಮೊದಲ ಮಂಜುಗಡ್ಡೆಯನ್ನು ನಂಬಿ ಕೆರೆಗಿಳಿದ ಐದು ಜನ ಒಂದೇ ಮಧ್ಯಾಹ್ನ ಮುಳುಗಿ ಹೋದರು. ಅಂದಿನಿಂದ ಪ್ರತಿ ವರ್ಷ ಕೆರೆ ಹೆಪ್ಪುಗಟ್ಟಿದ ಮೇಲೆ ಮೊದಲ ದಿನ ಹಾಕಿ ತಂಡದ ನಾಯಕನೊಬ್ಬನೇ ಹಾರೆ ಹಿಡಿದು ಇಳಿಯುತ್ತಾನೆ. ಹತ್ತು ಹೆಜ್ಜೆಗೊಮ್ಮೆ ಕುಟ್ಟುತ್ತಾ ನಡುಕೆರೆಗೆ ಹೋಗಿ, ಅಲ್ಲಿ ಮೂರು ಸಲ ಎಗರಿ, ತಿರುಗಿ ಬಂದು ಹೊರಟ ದಡಕ್ಕೇ ಕಾಲಿಡುತ್ತಾನೆ. ಅವನು ದಡ ಮುಟ್ಟುವ ತನಕ ಊರಿನ ನಾಯಿಯನ್ನೂ ಕೆರೆಗೆ ಇಳಿಯಬಿಡುವುದಿಲ್ಲ. ಮುಟ್ಟಿದ ಮೇಲೆ ಯಾರೂ ಏನೂ ಕೇಳುವುದಿಲ್ಲ, ಹಸುಗೂಸನ್ನು ಎತ್ತಿಕೊಂಡವಳೂ ಇಳಿದುಬಿಡುತ್ತಾಳೆ.

ಆ ನಂಬಿಕೆಯನ್ನು ಯುದ್ಧಕ್ಕೂ ಹೊತ್ತುಕೊಂಡು ಹೋದದ್ದು ಕಾರ್ನಾಕಿನವರ ಪೆದ್ದುತನ. ಬೇರೆ ಊರಿನವರಾಗಿದ್ದರೆ ಸೈನ್ಯದ ಕಾಗದವನ್ನು ತಿರುವಿ ಮುರುವಿ ನೋಡುತ್ತಿದ್ದರೋ ಏನೋ. ಹೋದ ಡಿಸೆಂಬರಿನಲ್ಲಿ ರೆನ್ನಿ ದಡಕ್ಕೆ ಬಂದು ಮೊದಲು ತಾನು ರುಜು ಹಾಕಿದ. ಗೋಲು ಕಾಯುವ ಮರ್ಡೊ ಮನ್ರೊ ಕಾಗದದ ಕಡೆ ನೋಡದೆ ಅವನ ಮುಖ ನೋಡುತ್ತಲೇ ಹೆಸರು ಗೀಚಿದ. ಹಿಂದೆ ಉಳಿದ ಐವರೂ ಹಾಗೆಯೇ ಮಾಡಿದರು. ನಾಯಕ ಮುಂದೆ ಹೋಗಿದ್ದಾನೆ ಅಂದ ಮೇಲೆ ಇನ್ನೇನು ನೋಡುವುದಿದೆ? ಆರು ಜನರಲ್ಲಿ ಇಬ್ಬರು ಸತ್ತಿದ್ದಾರೆ. ಮೊದಲನೆಯವನು ಮರ್ಡೊ. ನಾಯಕ ಮಾತ್ರ ಗುಂಡಿನ ಸದ್ದನ್ನೇ ಕೇಳದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಇನ್ನಷ್ಟು ಜನರನ್ನು ಸೇರಿಸಲು ಊರಿಗೆ ಮರಳಿದ್ದಾನೆ.

ಈಗ ದಡದಲ್ಲಿ ಇನ್ನೊಂದು ತಂಡ ನಿಂತಿತ್ತು. ಏಳು ಜನ, ಎಲ್ಲರೂ ಹತ್ತೊಂಬತ್ತು ಇಪ್ಪತ್ತರವರು. ಕತ್ತಿಗೆ ಸ್ಕೇಟುಗಳನ್ನು ನೇತುಹಾಕಿಕೊಂಡಿದ್ದರು. ಮೂರನೆಯವನು ಮರ್ಡೊನ ತಮ್ಮ ಇನ್ನಿಸ್, ತಲೆಯ ಮೇಲೆ ಅಣ್ಣನ ಕೆಂಪು ಟೋಪಿ. ಪಕ್ಕದಲ್ಲಿ ಇಬ್ಬರು ಸಾರ್ಜೆಂಟರು ಮೇಜೊಂದನ್ನು ಹಿಡಿದು ಕಾಯುತ್ತಿದ್ದರು. ಮಂಜುಗಡ್ಡೆಯ ಮೇಲೇ ಮೇಜು ಹಾಕಿ ರುಜು ಹಾಕಿಸುವುದು, ಆಮೇಲೆ ಒಂದು ಆಟ, ಆಮೇಲೆ ರೈಲು. ಇದೆಲ್ಲ ಕರ್ನಲನ ಏರ್ಪಾಡು.

“ಬೇಗ ಬಾ ಗ್ಯಾವಿನಣ್ಣ, ಬೆರಳೆಲ್ಲ ಸೆಟೆದುಹೋಗಿದೆ!” ಎಂದು ಇನ್ನಿಸ್ ಕೂಗಿದ.

“ನಿನ್ನ ಬೆರಳಿಗೇನು ಕೆಲ್ಸ, ಒಂದು ಹೆಬ್ಬೆಟ್ಟಿದ್ರೆ ಸಾಕು,” ಎಂದು ಪಕ್ಕದವನು ಛೇಡಿಸಿದ. ಎಲ್ಲರೂ ನಕ್ಕರು.

ರೆನ್ನಿ ನಗಲಿಲ್ಲ. ಅಲ್ಲೇ ಬಾಯಿ ಬಿಟ್ಟು ಹೇಳಿಬಿಡಬಹುದಿತ್ತು. ಆದರೆ ಕರ್ನಲ್ ಬೆರಳೆತ್ತಿದರೆ ಸಾಕು, ಬ್ಯಾಂಡು ಮೊಳಗುತ್ತಿತ್ತು, ಸಾರ್ಜೆಂಟರು ತೋಳು ಹಿಡಿಯುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ತನ್ನ ಬಾಯಿಯ ಮೇಲೆ ಅವನಿಗೇ ಹೇಸಿಗೆ ಹುಟ್ಟಿತ್ತು. ಅವನು ಕೆರೆಗಿಳಿದ.

ಹತ್ತು ಹೆಜ್ಜೆ, ಒಂದು ಪೆಟ್ಟು. ಮಂಜುಗಡ್ಡೆ ಅರ್ಧ ಗೇಣಿಗಿಂತ ದಪ್ಪವಾಗಿತ್ತು, ಖಣ್ ಎನ್ನುತ್ತಿತ್ತು. ಒಂದು ಕುದುರೆಯನ್ನೂ ತಡೆದೀತು. ನಡುಕೆರೆಯಲ್ಲಿ ಅವನು ಮೂರು ಸಲ ಎಗರಿದ. ದಡದಿಂದ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದ. ಏಳು ಜನ, ಮೇಜು, ತುತ್ತೂರಿಗಳ ಹೊಳಪು, ತುಪ್ಪಳದ ಕೋಟಿನ ಕರ್ನಲ್. ಈಗ ಹಿಂದಕ್ಕೆ ನಡೆಯುವುದಷ್ಟೇ ಬಾಕಿ. ಹಿಂದಕ್ಕೆ ನಡೆದರೆ ಅವನು ಏನನ್ನೂ ಹೇಳಬೇಕಾಗಿರಲಿಲ್ಲ, ಅವನ ಕಾಲೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ಅವನ ಕಾಲು ಏಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಬೆನ್ನು ತಿರುಗಿಸಿ ಆಚೆ ದಡದತ್ತ ಹೊರಟ. ಹತ್ತು ಹೆಜ್ಜೆ, ಒಂದು ಪೆಟ್ಟು. ಚಪ್ಪಾಳೆ ನಿಂತುಹೋಯಿತು. ಆಚೆ ದಡದ ಹತ್ತಿರ ಹಳ್ಳ ಬಂದು ಸೇರುವ ಕಡೆ ಹಾರೆಯ ಸದ್ದು ಬದಲಾಯಿತು, ಕಾಲಡಿ ನೀರು ಗುಳುಗುಟ್ಟಿತು. ಅವನು ಹಾರೆಯನ್ನು ಅಡ್ಡ ಹಿಡಿದು ಹೊಟ್ಟೆಯ ಮೇಲೆ ತೆವಳಿ ಆ ಜಾಗ ದಾಟಿದ. ಅಲ್ಲಿ ಸತ್ತರೂ ತಪ್ಪಿಲ್ಲ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ.

ಆಚೆ ದಡದಲ್ಲಿದ್ದದ್ದು ಒಂದೇ ಮನೆ, ಮರ್ಡೊನ ತಾಯಿ ಎಫಿಯ ಮನೆ. ಊರಿಗೆ ಬಂದು ಒಂಬತ್ತು ದಿನವಾದರೂ ರೆನ್ನಿ ಅತ್ತ ತಲೆ ಹಾಕಿರಲಿಲ್ಲ. ಅವಳು ಬಾಗಿಲಲ್ಲೇ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು.

“ಒಳಗೆ ಬಾ ಅಂತ ನಾನು ಕರ್ದಿಲ್ಲ.”

“ಗೊತ್ತು ಎಫಿಯಮ್ಮ.”

“ಅವನನ್ನ ನಿನ್ನ ಕೈಗೆ ಕೊಟ್ಟಿದ್ದೆ. ಸೈನ್ಯಕ್ಕಲ್ಲ, ರಾಜನಿಗಲ್ಲ, ನಿನ್ನ ಕೈಗೆ.”

“ಹೌದು.”

“ಹೌದಂತೆ!” ಅವಳು ಒಳಗೆ ಹೋದಳು, ಬಾಗಿಲು ಮುಚ್ಚಲಿಲ್ಲ. ಅವನು ಹಿಂದೆಯೇ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಅವಳು ಒಲೆಯ ಮೇಲಿನ ಹಲಗೆಯಿಂದ ಒಂದು ಕಾಗದ ತೆಗೆದು ಅವನ ಮುಖಕ್ಕೆ ಹಿಡಿದಳು. “ಯಾವನೋ ಅಧಿಕಾರಿ ಬರ್ದಿದಾನೆ. ಓದು ಇದನ್ನ. ‘ನಿಮ್ಮ ಮಗ ಸದಾ ಹಾಡುತ್ತಾ ಎಲ್ಲರನ್ನೂ ನಗಿಸುತ್ತಿದ್ದ.’ ಹಾಡ್ತಿದ್ನಂತೆ! ಉಪ್ಪು ಕೊಡಮ್ಮ ಅನ್ನೋಕೆ ಮೂರು ಸಲ ತೊದಲ್ತಿದ್ದ ನನ್ನ ಮಗ. ಇನ್ಯಾರದೋ ತಾಯಿಗೆ ಬರೆಯೋದನ್ನ ನನಗೆ ಬರ್ದಿದಾನೆ. ಅವನ ಮುಖ ಗೊತ್ತಿದ್ದೋನು ಒಬ್ಬನೂ ಅಲ್ಲಿರ್ಲಿಲ್ವಾ?”

“ಒಬ್ಬನೂ ಇರ್ಲಿಲ್ಲ. ಅವನನ್ನ ಒಬ್ಬನೇ ಬೇರೆ ತುಕಡಿಗೆ ಹಾಕಿದ್ರು.”

“ನೀನಿದ್ದಿದ್ರೆ ಏನು ಬರೀತಿದ್ದೆ?”

ರೆನ್ನಿ ಯೋಚಿಸಿದ. “ಎಡಗಡೆಯಿಂದ ಗೋಲಿಗೆ ಬಂದ ಹೊಡೆತ ಒಂದನ್ನೂ ಬಿಡ್ತಿರ್ಲಿಲ್ಲ ಅಂತ. ಬಲಗಡೆ ಸ್ವಲ್ಪ ಸೋಮಾರಿ ಅಂತ. ಸ್ಕೇಟಿನ ದಾರ ಕಟ್ಟೋಕೆ ಎಲ್ಲರಿಗಿಂತ ಹೆಚ್ಚು ಹೊತ್ತು ತಗೊಳ್ತಿದ್ದ ಅಂತ.”

ಎಫಿ ಬೆನ್ನು ತಿರುಗಿಸಿ ಕಾಗದವನ್ನು ಮತ್ತೆ ಹಲಗೆಯ ಮೇಲಿಟ್ಟಳು. ಆಗ ರೆನ್ನಿ ಎಲ್ಲವನ್ನೂ ಹೇಳಿದ: ಏಪ್ರಿಲಿನ ಕಾಗದ, ಕರ್ನಲನ ಕಣ್ಣೀರು, ಖಾನೆಯಲ್ಲೇ ಉಳಿದ ಅರ್ಜಿ. ತನ್ನನ್ನು ಸಮರ್ಥಿಸಿಕೊಳ್ಳುತ್ತಿದ್ದೇನೋ ಎಂಬ ಅಳುಕಿನಿಂದ ಅರ್ಧಕ್ಕರ್ಧ ನುಂಗಿ ಹೇಳಿದ.

“ನಿನಗೆ ಮೋಸ ಆಯ್ತು ಅಂತ ನನ್ನ ಹತ್ರ ಅಳೋಕೆ ಬಂದ್ಯಾ?” ಎಂದಳು ಅವಳು.

“ಇಲ್ಲಮ್ಮ. ಆ ದಡಕ್ಕೆ ಹೋಗೋಕೆ ಆಗ್ಲಿಲ್ಲ. ಅದಕ್ಕೆ ಈ ದಡಕ್ಕೆ ಬಂದೆ.”

ಎಫಿ ಕಿಟಕಿಯತ್ತ ನೋಡಿದಳು. ಅವಳ ಮುಖ ನಿಧಾನವಾಗಿ ಬದಲಾಯಿತು. “ಇನ್ನಿಸ್ ಅಲ್ಲಿದಾನೆ. ಬೆಳಿಗ್ಗೆ ಕಾಲು ಕಟ್ಟಿಕೊಂಡೆ, ಕೇಳ್ಲಿಲ್ಲ.”

“ಮೂರನೆಯವನು. ಕೆಂಪು ಟೋಪಿ.”

“ನೀನು ಆ ದಡ ಮುಟ್ಟಿಲ್ಲ.”

“ಇಲ್ಲ.”

“ಮುಟ್ಟದೆ ಅವರ್ಯಾರೂ ಇಳಿಯಲ್ಲ, ರುಜು ಹಾಕಲ್ಲ.”

ಅವಳು ಕುರ್ಚಿಯೊಂದನ್ನು ದರದರ ಎಳೆದು ಕಿಟಕಿಯ ಎದುರು ಹಾಕಿದಳು. “ಕೂತ್ಕೋ. ರೈಲು ಹೋಗೋ ತನಕ ಎದ್ದೀಯಾ, ಅದೇ ಹಾರೇಲಿ ನಿನ್ನ ಕಾಲು ಮುರೀತೀನಿ.”

ರೆನ್ನಿ ಕೂತ. ಆಚೆ ದಡ ಅಂಗೈಯಷ್ಟೇ ಅಗಲವಾಗಿ ಕಾಣುತ್ತಿತ್ತು. ಜನ ಅಲ್ಲೇ ಇದ್ದರು. ಒಂದು ಕುದುರೆಯ ಜಾರುಬಂಡಿ ಜನರ ನಡುವಿನಿಂದ ಬಿಡಿಸಿಕೊಂಡು ಸೇತುವೆಯ ದಾರಿ ಹಿಡಿಯಿತು. ಅದರಲ್ಲಿ ಸಾರ್ಜೆಂಟರು ಇದ್ದರು. ಕೆರೆ ಸುತ್ತಿ ಬರುವುದೆಂದರೆ ಎಂಟು ಮೈಲಿ, ಅದೂ ಹೊಸ ಹಿಮದಲ್ಲಿ. ಎಫಿ ಹಿಟ್ಟು ನಾದುವುದನ್ನು ಮುಂದುವರಿಸಿದಳು. ಟೀ ಮಾಡಿದಳು, ಒಂದೇ ಬಟ್ಟಲು, ತನಗೆ. ಅವನೂ ಕೇಳಲಿಲ್ಲ.

ಮೂರೂವರೆಯ ಹೊತ್ತಿಗೆ ತುಪ್ಪಳದ ಕೋಟಿನ ಆಕೃತಿಯೊಂದು ದಡದಿಂದ ಕೆರೆಗಿಳಿಯಿತು. ಕರ್ನಲ್ ಪ್ರಾಕ್ಟರ್ ಬೇರೆ ಊರಿನವನು, ಜೀವಮಾನದಲ್ಲಿ ಸ್ಕೇಟು ಕಟ್ಟಿದವನಲ್ಲ. ಅವನು ಇಪ್ಪತ್ತು ಹೆಜ್ಜೆ ನಡೆದು, ತಿರುಗಿ ನಿಂತು ಎರಡೂ ಕೈ ಬೀಸಿ ಕರೆದ. ಕಾಲಿನಿಂದ ಮಂಜುಗಡ್ಡೆಯನ್ನು ಕುಟ್ಟಿ ತೋರಿಸಿದ. ಬ್ಯಾಂಡಿನ ಸದ್ದು ತೆಳುವಾಗಿ ತೇಲಿ ಬಂತು. ದಡದ ಮೇಲಿನ ಕಪ್ಪು ಸಾಲು ಮಿಸುಕಲಿಲ್ಲ. ಕರ್ನಲ್ ಅಷ್ಟಗಲದ ಬಿಳುಪಿನಲ್ಲಿ ಒಬ್ಬನೇ ಕೈ ಬೀಸುತ್ತಲೇ ಇದ್ದ. ಆಮೇಲೆ ಜಾರಿ ಬಿದ್ದ.

“ಬಿದ್ದ,” ಎಂದಳು ಎಫಿ. ಅವಳ ಬಾಯಿಂದ ನಗುವಿನಂಥ ಏನೋ ಹೊರಟು, ಅಲ್ಲೇ ಮುರಿದು ಅಳುವಾಯಿತು. ರೆನ್ನಿ ಕಿಟಕಿಯಿಂದ ಕಣ್ಣು ಕೀಳಲಿಲ್ಲ.

ನಾಲ್ಕು ಗಂಟೆಗೆ ರೈಲು ಕೂಗಿತು. ಪೈನ್ ಮರಗಳ ಮೇಲೆ ಹೊಗೆ ಎದ್ದು ಪೂರ್ವಕ್ಕೆ ವಾಲಿತು. ಮನೆಯ ಹಿಂದಿನ ದಾರಿಯಲ್ಲಿ ಜಾರುಬಂಡಿಯ ಗೆಜ್ಜೆ ಸದ್ದು ದೂರದಲ್ಲಿ ಕೇಳಿಸತೊಡಗಿತು.

“ರೈಲು ಹೋಯ್ತು,” ಎಂದಳು ಎಫಿ. “ಈಗ ಎದ್ದು ಹೋಗು.”

“ಅವರು ನನ್ನ ಹಿಡಿಯೋಕೆ ಬರ್ತಿದಾರೆ. ಮುಂದಿನ ವಾರ ಇನ್ಯಾರನ್ನಾದ್ರೂ ತಂದು ನಿಲ್ಲಿಸ್ತಾರೆ ಎಫಿಯಮ್ಮ. ಹುಡುಗ್ರಿಗೆ ಯಾರಾದ್ರೂ ಹೇಳ್ಬೇಕು.”

“ಯಾರಾದ್ರೂ ಯಾಕೆ? ನಿನಗೆ ಬಾಯಿಲ್ವಾ?” ಅವಳು ಮೂಲೆಯಿಂದ ಹಾರೆ ತಂದು ಅವನ ಕೈಗೆ ತುರುಕಿದಳು. “ಹಳ್ಳದ ಬಾಯಿ ಬಿಟ್ಟು ಬಲಗಡೆಯಿಂದ ಹೋಗು. ಅಲ್ಲಿ ಐಸು ಗಟ್ಟಿ.”

ಅವನು ಹೊರಗೆ ಬಂದು ಬಲಗಡೆಯಿಂದಲೇ ಕೆರೆಗಿಳಿದ. ಬೆಳಕು ಕಂದತೊಡಗಿತ್ತು. ಆಚೆ ದಡ ಬಹುಮಟ್ಟಿಗೆ ಖಾಲಿಯಾಗಿತ್ತು. ಮೇಜು ಒಂದು ಕಡೆ ವಾಲಿಕೊಂಡು ಬಿದ್ದಿತ್ತು. ರೆನ್ನಿ ಹತ್ತು ಹೆಜ್ಜೆ ನಡೆದು ಹಾರೆ ಕುಟ್ಟಿದ.

ಆ ಸದ್ದಿಗೆ ದಡದಲ್ಲಿ ಯಾರೋ ಎದ್ದು ನಿಂತರು. ಕತ್ತಿನಲ್ಲಿ ಸ್ಕೇಟು, ತಲೆಯ ಮೇಲೆ ಕೆಂಪು ಟೋಪಿ. ನೀರಂಚಿಗೆ ಬಂದು, ಮಂಜುಗಡ್ಡೆಗೆ ಕಾಲು ಸೋಕದ ಹಾಗೆ ನಿಂತು, ಅವನು ನಾಯಕನ ದಾರಿ ಕಾಯುತ್ತಿದ್ದ.