ನಡುವೆ ಬರುವ 'ಹಿಮ್'

ನನ್ನ ತಮ್ಮ ಮಾರುತೇಶ ಮೊಳಕಾಲ್ಮೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹೋದ ಬೇಸಿಗೆಯಲ್ಲಿ ನನ್ನ ಮಗಳು ಚಿತ್ರಾಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು, ಪ್ರತಿ ಭಾನುವಾರ ಫೋನಿನಲ್ಲೇ ಪಾಠ ಬರೆಸೋಕೆ ಶುರು ಮಾಡಿದ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಒಂದು ಸಣ್ಣ ಬಾಲ ಇರುತ್ತಂತೆ. ಆ ಬಾಲವೇ ಅರ್ಥ ತಿರುಗಿಸೋದಂತೆ. ಗಿವ್ ಅಂದರೆ ಕೊಡು, ಗಿವ್ ಅಪ್ ಅಂದರೆ ಕೈಬಿಡು. ಲುಕ್ ಅಂದರೆ ನೋಡು, ಲುಕ್ ಆಫ್ಟರ್ ಅಂದರೆ ನೋಡ್ಕೋ.

"ಇಟ್, ಹಿಮ್, ಹರ್ ಬಂದರೆ ಎರಡರ ನಡುವೆ ಕೂರಿಸಬೇಕು," ಅಂತ ಫೋನಿನಲ್ಲಿ ಅವನ ದನಿ. "ಟರ್ನ್ ಇಟ್ ಆಫ್. ಟರ್ನ್ ಆಫ್ ಇಟ್ ಅಂತ ಬರೆದೆಯೋ, ಮಾರ್ಕ್ಸು ಹೋತು. ಆದರೆ ಲುಕ್ ಆಫ್ಟರ್ ಹಿಮ್. ಅಲ್ಲಿ ನಡುವೆ ಕೂರಂಗಿಲ್ಲ."

"ಯಾಕೆ ಮಾಮ?"

"ಕೆಲವು ಕೂರಿಸ್ಕೋತವೆ, ಕೆಲವು ಕೂರಿಸ್ಕೊಳ್ಳಲ್ಲ. ನಮ್ ಪ್ರೈವೇಟ್ ಬಸ್ಸಿನ ಸೀಟಿನ ಥರ."

ಅವಳು ನಕ್ಕಿದ್ದು ಹಿಟ್ಟು ನಾದುತ್ತಿದ್ದ ನನಗೂ ಕೇಳಿತು. ಒಂಬತ್ತನೇ ಕ್ಲಾಸು. ನಾನು ಬೆಳಿಗ್ಗೆ ಏಳೂವರೆ ಬಸ್ಸಿಗೆ ದೊಡ್ಡಉಳ್ಳಾರ್ತಿಯಿಂದ ಚಳ್ಳಕೆರೆಗೆ ಹೋಗಿ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸೋಳು. ಗಂಡ ಲಾರಿ ಹತ್ತಿದರೆ ಬರೋದು ಹದಿನೈದು ದಿನಕ್ಕೆ. ಮಗಳು ಕೂತು ಮಾಡುವ ಕೆಲಸಕ್ಕೆ ಹೋಗಲಿ ಅಂತ ನನಗೆ. ನಾನೂ ಕೂತೇ ಆರಿಸ್ತೀನಿ, ಅದು ಬೇರೆ ಮಾತು. "ಬರೀ, ಬರೀ," ಅಂತ ಅವಳ ಬೆನ್ನು ಹತ್ತಿದ್ದು ನಾನೇ.

ನಮ್ಮ ಮಾವ ಜೋಗಪ್ಪ ಕಾವಲಿನಲ್ಲಿ ಕುರಿ ಮೇಯಿಸ್ತಾರೆ. ಮೂವತ್ತು ಕುರಿ, ಒಂದು ನಾಯಿ. ಕೆಂಚ ಅಂತ ಹೆಸರು. ಒಂಬತ್ತು ವರ್ಷದಿಂದ ಅವರ ಕಂಬಳಿಯ ಅರ್ಧ ಅದರದ್ದೇ. ನಾನು ಬೈದರೆ, "ಅವ್ನ ಪಾಡಿಗೆ ಅವ್ನು ಮಲಗ್ಲಿ ಬಿಡಮ್ಮ, ನಿಂಗೇನು," ಅನ್ನೋರು.

ಶ್ರಾವಣದ ಒಂದು ಭಾನುವಾರ ಮಿಲ್ಲಿನಲ್ಲಿ ಓವರ್‌ಟೈಮ್ ಇತ್ತು, ಹೋಗಿದ್ದೆ. ಚಿತ್ರಾ ತಾತನಿಗೆ ಬುತ್ತಿ ತಗೊಂಡು ಕುದಾಪುರದ ರಸ್ತೆಗೆ ಹೋಗಿದ್ದಾಳೆ. ಕುರಿ ದಾಟಿಸುವಾಗ ಜಲ್ಲಿ ತುಂಬಿದ ಟಿಪ್ಪರ್ ಒಂದು ಕೆಂಚನಿಗೆ ಬಡಿದು ನಿಲ್ಲದೆ ಹೋಗಿದೆ. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ಕಾರು ನಿಂತಿದೆ. ಅದರಲ್ಲಿದ್ದವರು ನಾಯಿ ಡಾಕ್ಟರು, ಹೊರ ರಾಜ್ಯದವರು. ನೆಂಟರ ಮನೆಗೆ ಬಂದಿದ್ದರಂತೆ. ಕನ್ನಡ ಒಂದಕ್ಷರ ಬಾರದು. ಕೆಂಚನ ಮುರಿದ ಬೆನ್ನು ಮುಟ್ಟಿ ನೋಡಿ, ಅಡ್ಡಡ್ಡ ತಲೆ ಆಡಿಸಿ, ಚಿತ್ರಾನ ಇಂಗ್ಲಿಷ್ ಬರುತ್ತಾ ಅಂತ ಕೇಳಿದ್ದಾರೆ. ಬರುತ್ತೆ ಅಂದಿದ್ದಾಳೆ.

ಮುಂದಿನದು ಅವಳು ಅವತ್ತು ಸಂಜೆ ನನಗೆ ಹೇಳಿದ ಹಾಗೇ ಬರೀತೀನಿ. ತಾತ ನಾಯಿಯ ತಲೆ ತೊಡೆ ಮೇಲಿಟ್ಟುಕೊಂಡು ಬಿಸಿಲಲ್ಲಿ ಕೂತಿದ್ದರು, ಕೈ ನಡುಗುತ್ತಿತ್ತು. ಡಾಕ್ಟರು ತಾತನ ಮುಖ ನೋಡಿ ಏನೇನೋ ಬೇಗ ಬೇಗ ಹೇಳಿದರು. ಅದರಲ್ಲಿ ಅವಳಿಗೆ ತಿಳಿದದ್ದು ಒಂದೇ: ಪುಟ್ ಹಿಮ್ ಡೌನ್. ಪುಟ್ ಅಂದರೆ ಇಡು, ಡೌನ್ ಅಂದರೆ ಕೆಳಗೆ. ಸ್ಕೂಲಿನ ಪುಸ್ತಕದಲ್ಲಿ ನಾಯಿಗೆ ಇಟ್, ಗಂಡಸಿಗೆ ಹಿಮ್. ಅಲ್ಲಿದ್ದ ಗಂಡಸು ತಾತ. ಪಾಪ, ತಾತನ್ನ ಎಲ್ಲಾದರೂ ಕೂರಿಸಿ ಅಂತಿದ್ದಾರೆ ಅಂತ ಅವಳಿಗೆ ಅನ್ನಿಸಿದೆ.

"ತಾತ, ನೀನು ನೆರಳಿಗೆ ಹೋಗಿ ಕೂರ್ಬೇಕಂತೆ. ಡಾಕ್ಟ್ರು ಹೇಳ್ತಾವ್ರೆ."

"ಇದನ್ನ ಯಾರು ನೋಡ್ಕೋತಾರೆ?"

"ಅವ್ರೇ ನೋಡ್ಕೋತಾರೆ. ಏಳು."

"ಆಗ್ಲಿ ಅನ್ನು," ಅಂದಿದ್ದಾರೆ ಮಾವ.

"ಯೆಸ್ ಸರ್. ಪುಟ್ ಹಿಮ್ ಡೌನ್," ಅಂದಿದ್ದಾಳೆ ನನ್ನ ಮಗಳು.

ತಾತನ ರಟ್ಟೆ ಹಿಡಿದು ಬೇವಿನ ಮರದ ಕೆಳಗೆ ಕರಕೊಂಡು ಹೋಗಿ, ರಸ್ತೆಗೆ ಬೆನ್ನು ಮಾಡಿ ಕೂರಿಸಿ, ನೀರು ಕುಡಿಸಿದ್ದಾಳೆ. ಡಾಕ್ಟರು ಸೂಜಿ ಹಾಕೋದನ್ನ ಅಲ್ಲಿಂದಲೇ ನೋಡಿದ್ದಾಳೆ. ನೋವಿಗೆ ಕೊಡ್ತಿದ್ದಾರೆ ಅಂದುಕೊಂಡಿದ್ದಾಳೆ. "ಕೆಂಚ ಒಂದು ಚೂರೂ ಕೂಗ್ಲಿಲ್ಲವ್ವ," ಅಂದಳು ನನಗೆ. "ಬೇವಿನ ಮರದ ಕಡೇಗೇ ನೋಡ್ತಾ ಇತ್ತು. ಕಣ್ಣೇ ಮುಚ್ಚಲಿಲ್ಲ." ಮಾವ ಎದ್ದು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಡಾಕ್ಟರು ಮಾವನ ಭುಜದ ಮೇಲೆ ಕೈ ಇಟ್ಟು, ಕೈ ಮುಗಿದು ಹೋದರಂತೆ.

ಟಿಪ್ಪರ್ ಬಡಿದ ಪೆಟ್ಟಿಗೇ ಸತ್ತಿತು ಅಂತಲೇ ನಾವೆಲ್ಲ ತಿಳಿದದ್ದು. ಮಾವ ಮಾತ್ರ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಎತ್ತೋರು. "ಅಷ್ಟು ವರ್ಷ ಬಗಲಾಗಿತ್ತು. ಕೊನೇ ಗಳಿಗೇಲಿ ನನ್ನ ಯಾಕೆ ಅತ್ತಾಗೆ ಕಳಿಸಿದ್ರೋ ಆ ಡಾಕ್ಟ್ರು."

"ನಿನ್ ಕೈ ನಡುಗ್ತಿತ್ತಲ್ಲ ತಾತ," ಅನ್ನೋಳು ಚಿತ್ರಾ.

"ನಡುಗಿದ್ರೆ ನಡುಗ್ಲಿ. ಹಿಡ್ಕಂಡೇ ಇರ್ತಿದ್ದೆ."

ಗೌರಿ ಹಬ್ಬಕ್ಕೆ ಮೊಳಕಾಲ್ಮೂರಿಗೆ ಹೋದಾಗ ಮಾರುತೇಶನೇ ಕೇಳಿದ. "ಚೆಪ್ಪಮ್ಮಾ ಚಿತ್ರಾ, ಡಾಕ್ಟ್ರ ಹತ್ರ ಇಂಗ್ಲಿಷ್ ಮಾತಾಡಿದ್ಯಂತೆ, ಏನೇನ್ ಮಾತಾಡಿದೆ?" ಹೇಳು ಅನ್ನೋದು ಅವನ ಬಾಯಲ್ಲಿ ತೆಲುಗಲ್ಲೇ ಬರೋದು. ಅವಳು ಹೇಳಿದಳು. ಹಿಮ್ ನಡುವೆ ಬಂದದ್ದನ್ನ ಒತ್ತಿ ಹೇಳಿದಳು. ಅವನು ಕೈಯಲ್ಲಿದ್ದ ಒಬ್ಬಟ್ಟನ್ನ ತಟ್ಟೆಗಿಟ್ಟು, "ಗುಡ್," ಅಂದ. ಆಮೇಲೆ ನನ್ನ ಹಿಂದೆ ಅಡುಗೆ ಮನೆಗೆ ಬಂದ.

"ಅಕ್ಕ, ಅದು ಕೂರಿಸು ಅಂತ ಅಲ್ಲ."

"ಮತ್ತೆ?"

"ಸಾಕಿದ ನಾಯಿಗೆ ಅವರು ಅವನು, ಅವಳು ಅಂತಾನೇ ಅನ್ನೋದು. ಹಿಮ್ ಅಂದದ್ದು ಕೆಂಚನಿಗೆ. ಪುಟ್ ಡೌನ್ ಅಂದ್ರೆ, ನೋವು ತಾಳಲಾರದ ಪ್ರಾಣೀನ ಸೂಜಿ ಹಾಕಿ ಮುಗಿಸೋದು. ಮುಗಿಸ್ಲಾ ಅಂತ ತಾತನ್ನ ಕೇಳ್ಸಿದಾರೆ."

ಒಲೆ ಮೇಲಿದ್ದ ಹಾಲು ಉಕ್ಕಿತು. ಅವನೇ ಒಲೆ ಆರಿಸಿದ.

"ಬೆನ್ನು ಮುರಿದಿತ್ತಲ್ಲ, ಹೆಂಗೂ ಉಳೀತಿರ್ಲಿಲ್ಲ. ಡಾಕ್ಟ್ರು ಮಾಡಿದ್ದು ತಪ್ಪಲ್ಲ."

"ಅವ್ರದ್ದು ತಪ್ಪಲ್ಲ ಬಿಡು. ಹೂಂ ಅಂದದ್ದು ಯಾರು?"

ಅವನು ಚೆಲ್ಲಿದ ಹಾಲನ್ನ ಬಟ್ಟೆಯಿಂದ ಒರೆಸತೊಡಗಿದ.

"ಆ ಪುಟ್ ಅನ್ನೋದನ್ನ ಅವಳಿಗೆ ಬರೆಸಬೇಡ," ಅಂದೆ.

"ಎಷ್ಟು ದಿನ ಅಂತ ಬಿಡ್ಲಿ ಅಕ್ಕ? ಪರೀಕ್ಷೇಲೇ ಬರುತ್ತೆ."

"ಬಂದಾಗ ಬರ್ಲಿ."

ಬಸ್ಸಿನಲ್ಲಿ ಚಿತ್ರಾ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ರಾಯಾಪುರ ದಾಟುವವರೆಗೂ ನಾನು ಅವಳ ಜಡೆಯನ್ನೇ ನೋಡುತ್ತಿದ್ದೆ. ಹೇಳಿದರೆ ಇವಳು ಹೊರಬೇಕು. ಹೇಳದಿದ್ದರೆ ಮುದುಕ ಇರುವವರೆಗೂ ಊಟದ ಹೊತ್ತಿಗೆ ಅದೇ ಪ್ರಶ್ನೆ.

ನಾನು ಹೇಳಲಿಲ್ಲ. ಆರು ವಾರ.

ಏಳನೇ ಭಾನುವಾರ ಜಗಲಿ ಮೇಲೆ ಅಕ್ಕಿ ಆರಿಸುತ್ತಿದ್ದೆ. ಅವಳು ನೋಟ್‌ಬುಕ್ ತಗೊಂಡು ಬಂದಳು.

"ಮಾಮ ಎಬಿಸಿಡಿ ಪ್ರಕಾರ ಬರೆಸ್ತಾನೆ. ಪಿಕ್ ಆಯ್ತು, ಪುಲ್ ಆಯ್ತು, ಈಗ ರನ್. ಪುಟ್ ಬಿಟ್ಟಾನೆ."

"ಮರ್ತಿರ್ಬೇಕು."

"ಮಾಮ ಮರೆಯೋನಲ್ಲ." ನನ್ನ ಮೊರದಲ್ಲಿದ್ದ ಕಲ್ಲೊಂದನ್ನ ಅವಳೇ ತೆಗೆದು ಎಸೆದಳು. "ಅವ್ವ, ಅವತ್ತು ನಾನು ತಪ್ಪು ಹೇಳಿದ್ನಾ?"

ಸುಳ್ಳು ಹೇಳೋಕೆ ಬಾಯಿ ತೆರೆದೆ. ಬಂದದ್ದು ನಿಜ. ತಮ್ಮ ಅಡುಗೆ ಮನೆಯಲ್ಲಿ ಹೇಳಿದಷ್ಟನ್ನೂ ಹೇಳಿದೆ. ಕೆಂಚ ಹೆಂಗೂ ಉಳೀತಿರಲಿಲ್ಲ ಅನ್ನೋದನ್ನ ಎರಡು ಸಲ ಹೇಳಿದೆ.

ಅವಳು ಅಳಲಿಲ್ಲ. "ಹಿಮ್ ನಡುವೆನೇ ಹಾಕಿದ್ದೆ," ಅಂದಳು. "ಸರಿಯಾಗೇ ಹೇಳಿದ್ದೆ ಅವ್ವ."

ನೋಟ್‌ಬುಕ್ ಅಲ್ಲೇ ಬಿಟ್ಟು ಎದ್ದು ಹೊರಟಳು. ಮಾವ ಹಟ್ಟಿಯ ಮುಂದೆ ಕುಂಟುತ್ತಿದ್ದ ಮರಿಯೊಂದರ ಗೊರಸು ನೋಡುತ್ತಿದ್ದರು. ನಾನೂ ಎದ್ದೆ. ಆದರೆ ಕಾಲು ಕಂಬದ ಹತ್ತಿರವೇ ನಿಂತವು. ಅವಳು ಎದುರಿಗೆ ಕೂತು ಎಲ್ಲ ಹೇಳಿದಳು. ಮುದುಕ ಮರಿಯನ್ನ ಬಿಡದೆ ಕೇಳಿಸಿಕೊಂಡರು.

"ಏನಂದೆ ನೀನು? ಇನ್ನೊಂದ್ಸಲ ಅನ್ನು."

"ಪುಟ್ ಹಿಮ್ ಡೌನ್."

"ಇಮ್ ಅಂದ್ರೆ?"

"ಅವನು ಅಂತ ತಾತ. ನಾನು ನಿನ್ನ ಅಂದ್ಕೊಂಡೆ."

"ನಾಯೀನ ಅವನು ಅಂದ್ರಾ ಅವ್ರು?"

"ಹೂಂ."

ಮಾವ ಮರಿಯನ್ನ ಕೆಳಗಿಳಿಸಿದರು. ಅದು ಕುಂಟುತ್ತಾ ತಾಯಿಯ ಕಡೆ ಹೋಯಿತು. ಅದು ಹೋಗುವ ದಾರಿಯನ್ನೇ ನೋಡುತ್ತಾ, "ಆಗ್ಲಿ ಅನ್ನು ಅಂದದ್ದು ನಾನೇ," ಅಂದರು. ಆಮೇಲೆ ಕೇಳಿದರು. "ಸೂಜಿ ಹಾಕ್ವಾಗ ಅವ್ನು ನನ್ ಕಡೆ ನೋಡಿದ್ನೇನು?"

ನನ್ನ ಮಗಳು ಒಂದು ಕ್ಷಣ ನನ್ನತ್ತ ತಿರುಗಿದಳು. ಬೇವಿನ ಮರದ ಮಾತು ಅವಳು ಹೇಳಿದ್ದು ನನಗೊಬ್ಬಳಿಗೇ.

"ಇಲ್ಲ ತಾತ," ಅಂದಳು. "ಅವನು ಕಣ್ಣು ಮುಚ್ಚಿದ್ದ."